ಮುಧೋಳ ಮರಿ 12 ದಿನ ಓಡಲಿಲ್ಲ: ನನ್ನ ಅನುಭವ

ನಮ್ಮ ನಾಯಿ ಮಿಂಚಿಗೆ ಮರಿ ಆಗದ ಹಾಗೆ ಮಾಡುವ ಆಪರೇಷನ್ (ಸ್ಪೇ) ಆದ ಹನ್ನೆರಡನೇ ದಿನ ಹೊಲಿಗೆ ಬಿಚ್ಚಿದ ಡಾಕ್ಟರು ಗಾಯದ ಸುತ್ತ ಬೆರಳಾಡಿಸಿ ನೋಡಿದರು. "ಮುಧೋಳ ನಾಯಿ ಅಂತೀರಿ, ಒಂದ್ಸಲಾನೂ ಹಾರಿಲ್ಲೇನ್ರಿ?" ಅಂದರು. ಒಂದು ಸಲ ಹಾರಿದ್ದಳು, ಅದನ್ನು ಮುಂದೆ ಹೇಳುತ್ತೇನೆ. ಆದರೆ ಊತ ಇರಲಿಲ್ಲ, ಕೀವು ಇರಲಿಲ್ಲ, ಒಂದು ಹೊಲಿಗೆಯೂ ಸಡಿಲ ಆಗಿರಲಿಲ್ಲ. ನನಗೆ ಎಷ್ಟು ಖುಷಿಯಾಯಿತು ಅಂದರೆ ಮನೆಗೆ ಹೋಗುವಾಗ ಅರ್ಧ ಕೆಜಿ ಪೇಡೆ ತಗೊಂಡೆ.

ಮಿಂಚಿಗೆ ಆಗ 9 ತಿಂಗಳು. ತೂಕ 17 ಕೆಜಿ ಆಸುಪಾಸು. ಮೊದಲ ಬೆದೆಗೆ ಬರುವ ಮುಂಚೆಯೇ ಸ್ಪೇ ಮಾಡಿಸೋಣ ಅಂತ ಹೊರಟಾಗ ಎಲ್ಲರೂ ಹೇಳಿದ್ದು ಒಂದೇ ಮಾತು: ಈ ನಾಯಿ ಎರಡು ವಾರ ಸುಮ್ಮನಿರಲ್ಲ. ನಮ್ಮ ಅತ್ತೆ ಅಂತೂ, "ಮೊಲದ ಬೆನ್ನ ಹತ್ತೋ ಜಾತಿ ಅದು, ಮಲಗಿಸ್ತೀನಿ ಅಂತೀಯಲ್ಲವಾ" ಅಂದರು. ಪಕ್ಕದ ಮನೆ ಕಾಕು, "ಗೂಟಕ್ಕ ಕಟ್ಟು, ತಾನ ಸುಮ್ನಾಗತೈತಿ" ಅಂದರು.

ಕಟ್ಟಿ ನೋಡಿದವಳು ನಾನು. ಮೂರು ವರ್ಷದ ಹಿಂದೆ ನಮ್ಮ ಬೀದಿಮರಿ ಚಿನ್ನಿಗೆ ಆಪರೇಷನ್ ಆದಾಗ ಗಾಯ ನೆಕ್ಕದ ಹಾಗೆ ಕೊರಳಿಗೆ ಕೋನ್ ಹಾಕಿ ಹಗ್ಗದಲ್ಲಿ ಕಟ್ಟಿದ್ದೆ. ಅವಳು ದಿನವಿಡೀ ಹಗ್ಗ ಜಗ್ಗುತ್ತಿದ್ದಳು. ಹಾಲಿನವರು ಬಂದರೆ ಜಗ್ಗು, ಬೆಕ್ಕು ಕಂಡರೆ ಜಗ್ಗು. ಪ್ರತಿ ಜಗ್ಗಿಗೂ ಹೊಟ್ಟೆ ಬಿಗಿಯುತ್ತೆ. ಐದನೇ ದಿನ ಪಾಪ ಅಂತ ಬಿಚ್ಚಿದೆ, ಹೋಗಿ ದಿವಾನದ ಮೇಲೆ ಹಾರಿ ಕೆಳಗೆ ಧುಮುಕಿದಳು. ಸಂಜೆಗೆ ನಿಂಬೆಹಣ್ಣಿನಷ್ಟು ಊತ, ಒಳಗೆ ನೀರು. ರಾತ್ರಿ ಕೋನ್ ಜಾರಿಸಿಕೊಂಡು ನೆಕ್ಕಿ ಎರಡು ಹೊಲಿಗೆ ಕಿತ್ತಳು. ಮೊದಲ ಆಪರೇಷನ್‌ಗೆ ಐದೂವರೆ ಸಾವಿರ ಕೊಟ್ಟಿದ್ದೆ. ಮತ್ತೆ ಹೊಲಿಸಿ, ಇಂಜೆಕ್ಷನ್ ಕೊಡಿಸಿ, ದಿನಾ ಆಟೋದಲ್ಲಿ ಓಡಾಡಿ ಮತ್ತೆ ಏಳು ಸಾವಿರದ ಹತ್ತಿರ ಹೋಯಿತು. ದುಡ್ಡಿಗಿಂತ, ಆ ರಾತ್ರಿ ಅವಳು ನಡುಗಿದ್ದು ಈಗಲೂ ನೆನಪಿದೆ.

ಅದಕ್ಕೇ ಈ ಸಲ ಪಾಠವನ್ನು ಆಪರೇಷನ್‌ಗೆ ಎರಡು ವಾರ ಮುಂಚೆಯೇ ಶುರು ಮಾಡಿದೆ. ನನ್ನ ಗುಟ್ಟು ಬಹುಪಾಲು ಇಷ್ಟೇ. ನಾವೆಲ್ಲ ಆಪರೇಷನ್ ಆದ ಮೇಲೆ ನಾಯಿಗೆ ಹೊಸ ಶಿಸ್ತು ಕಲಿಸಲು ಹೊರಡುತ್ತೇವೆ. ನೋವು, ಕೋನ್, ಮದ್ದಿನ ಮಂಪರು, ಅದರ ಜೊತೆ ಇದೂ ಅಂದರೆ ಯಾವ ಮರಿ ಕಲಿಯುತ್ತೆ?

ಅತ್ತೆಯ ಹಳೇ ಕೌದಿ ಒಂದನ್ನು ಬೇಡಿ ತಗೊಂಡೆ. ಅದು ಮಿಂಚಿಯ ಜಾಗ. ಕಾಲಿಂಗ್ ಬೆಲ್ ಒತ್ತೋದು, ಅವಳು ಕೌದಿ ಮೇಲೆ ಹೋಗಿ ಮಲಗಿದರೆ ಬೇಯಿಸಿದ ಕೋಳಿಯ ಒಂದು ಚೂರು. ದಿನಕ್ಕೆ 15 ಸಲದ ಲೆಕ್ಕದಲ್ಲಿ ಎರಡು ವಾರಕ್ಕೆ 200 ಸಲವಾದರೂ ಒತ್ತಿರಬೇಕು. ಮೊದಲ ನಾಲ್ಕು ದಿನ ಏನೂ ಆಗಲಿಲ್ಲ. ಬೆಲ್ ಆದರೆ ಬಾಗಿಲಿಗೇ ಓಟ. ತಪ್ಪು ನನ್ನದೇ, ಕೌದಿಯನ್ನು ಬಾಗಿಲು ಕಾಣುವ ಕಡೆ ಹಾಸಿದ್ದೆ. ಒಳಗಿನ ಕೋಣೆಗೆ ಹಾಕಿದ ಮೇಲೆ ಎರಡೇ ದಿನಕ್ಕೆ ಹಿಡಿದುಕೊಂಡಳು. ಕೊನೆಗೆ ಸಿಲಿಂಡರಿನವರು ಬಂದು ಬೆಲ್ ಒತ್ತಿದರೆ ಮಿಂಚಿ ಕೌದಿಗೆ ಓಡುತ್ತಿದ್ದಳು. ಅತ್ತೆ ಬಾಯಿಬಿಟ್ಟು ನೋಡಿದರು.

ಆ ಎರಡು ವಾರದಲ್ಲಿ ಇನ್ನೆರಡು ಕೆಲಸ. ಒಂದು, ಮನೆಯೊಳಗೂ ಹಗ್ಗ ನನ್ನ ಸೊಂಟಕ್ಕೆ. ಗೂಟಕ್ಕಲ್ಲ. ನಾನು ಒಗ್ಗರಣೆ ಹಾಕುವಾಗಲೂ ಅವಳು ನನ್ನ ಜೊತೆ. ಎರಡು, ಬಟ್ಟಲಲ್ಲಿ ಊಟ ಬಂದ್. ಊಟ ಪೂರ್ತಿ ಮೂಗಿನಿಂದ ಹುಡುಕಿಯೇ ತಿನ್ನಬೇಕು. ಕೌದಿಯ ಮಡಿಕೆಯಲ್ಲಿ, ಮೊಟ್ಟೆ ಟ್ರೇಯಲ್ಲಿ, ಸುತ್ತಿದ ಟವೆಲ್‌ನಲ್ಲಿ. ಮುಧೋಳ ನಾಯಿ ಕಣ್ಣಿನಿಂದ ಬೇಟೆ ಆಡುವ ಜಾತಿ. ಅಲುಗಾಡೋದು ಕಂಡರೆ ಮುಗಿಯಿತು, ಕಾಲು ತಾನಾಗಿ ಓಡುತ್ತೆ. ಹಾಗಾಗಿ ಕಣ್ಣಿಗೆ ರಜೆ, ಮೂಗಿಗೆ ಕೆಲಸ ಅಂತ ತೀರ್ಮಾನ ಮಾಡಿದೆ. ಕಿಟಕಿಯ ಕೆಳಗಿನ ಅರ್ಧಕ್ಕೆ ಪೇಪರ್ ಅಂಟಿಸಿದೆ. ಖರ್ಚು ಸೊನ್ನೆ, ಲಾಭ ಎಲ್ಲಕ್ಕಿಂತ ಜಾಸ್ತಿ.

ಎಲ್ಲವೂ ಗೆದ್ದಿತು ಅಂತಲ್ಲ. ನಾಲ್ಕು ಸಾವಿರ ಕೊಟ್ಟು ನಾಯಿ ಕೂಡಿಡುವ ಕಬ್ಬಿಣದ ಕ್ರೇಟ್ ತಂದಿದ್ದೆ. ಒಂದೇ ರಾತ್ರಿಯಲ್ಲಿ ತಳ ಕೆರೆದು ಉಗುರು ಮುರಿದುಕೊಂಡಳು. ಅದನ್ನು ಎರಡೂವರೆ ಸಾವಿರಕ್ಕೆ ಮಾರಿದೆ. ದಿವಾನವನ್ನು ಗೋಡೆಗೆ ಎತ್ತಿ ನಿಲ್ಲಿಸಿ, ಹಾಸಿಗೆ ನೆಲಕ್ಕೆ ಹಾಕಿ ನಾನೇ ಅವಳ ಪಕ್ಕ ಮಲಗಿದೆ.

ಆಪರೇಷನ್ ದಿನದ ಬಗ್ಗೆ ಹೆಚ್ಚು ಹೇಳುವುದಿಲ್ಲ. ಈ ಜಾತಿ ಸಾಕಿದವರಿಗೆ ಒಂದೇ ಮಾತು: ಅರಿವಳಿಕೆಗೆ ಯಾವ ಮದ್ದು ಅಂತ ಮೊದಲೇ ಕೇಳಿ. ಗ್ರೇಹೌಂಡ್ ಥರದ ತೆಳ್ಳಗಿನ ನಾಯಿಗಳು ಥಯೋಪೆಂಟೋನ್ ಕೊಟ್ಟರೆ ಏಳೋದು ಬಹಳ ತಡ. ಮೈಯಲ್ಲಿ ಕೊಬ್ಬು ಕಮ್ಮಿ, ಚಳಿಯೂ ಬೇಗ ಹಿಡಿಯುತ್ತೆ. ಕಂಬಳಿ ತಗೊಂಡು ಹೋಗಿದ್ದೆ, ಒಳ್ಳೆಯದಾಯಿತು.

ಮೊದಲ ಮೂರು ದಿನ ಸುಲಭ, ಅವಳೇ ಮಲಗಿರುತ್ತಾಳೆ. ನಾವು ಮೋಸ ಹೋಗುವುದು ನಾಲ್ಕನೇ ದಿನದಿಂದ. ನೋವು ಇಳಿದಿರುತ್ತೆ, ಹೊರಗಿನ ಚರ್ಮ ಕೂಡಿದ ಹಾಗೆ ಕಾಣುತ್ತೆ. ಒಳಗಿನ ಪದರ ಇನ್ನೂ ಹಸಿ. ಚಿನ್ನಿ ಹಾರಿದ್ದೂ ಐದನೇ ದಿನವೇ ಅಲ್ವಾ? ಹಾಗಾಗಿ ನಾಲ್ಕರಿಂದ ಹತ್ತನೇ ದಿನದವರೆಗೆ ನಾನು ಆಫೀಸಿಗೆ ರಜೆ ಹಾಕಿದೆ.

ದಿನಚರಿ ಹೀಗಿತ್ತು. ಗಿಡ್ಡ ಹಗ್ಗದಲ್ಲಿ ಐದೈದು ನಿಮಿಷ ನಾಲ್ಕು ಸಲ ಹೊರಗೆ, ಉಚ್ಚೆ ಕಕ್ಕಸಿಗೆ ಅಷ್ಟೇ. ಬೆಳಿಗ್ಗೆ, ಮಧ್ಯಾಹ್ನ, ಸಂಜೆ ಕಾಲು ಗಂಟೆ ಮೂಗಿನ ಕೆಲಸ. ನಡುವೆ ತಿಂಡಿ ತುಂಬಿದ ಆಟಿಕೆ ನೆಕ್ಕೋದು. ಮೊಸರನ್ನ, ಬೇಯಿಸಿದ ಸಿಹಿಗುಂಬಳ, ಜೊತೆಗೆ ಇನ್ನೊಂದು ಸಾಮಾನು ಕಲಸಿ ರಬ್ಬರ್ ಆಟಿಕೆಯಲ್ಲಿ ತುಂಬಿ ಫ್ರೀಜರ್‌ನಲ್ಲಿ ಇಡುತ್ತೇನೆ. ಆ ಮೂರನೇ ಸಾಮಾನು ನನ್ನ ಹತ್ತಿರವೇ ಇರಲಿ. ಒಂದು ಆಟಿಕೆಗೆ 40 ನಿಮಿಷ ಬೇಕು ಅವಳಿಗೆ, ಆಮೇಲೆ ಎರಡು ಗಂಟೆ ನಿದ್ದೆ. ಮಲಗಿದಾಗ ಉಸಿರು ಎಣಿಸುತ್ತಿದ್ದೆ, ನಿಮಿಷಕ್ಕೆ 18ರಿಂದ 20. ಅಷ್ಟಿದ್ದರೆ ನನಗೂ ಸಮಾಧಾನ.

ಕೋನ್ ಅವಳಿಗೆ ಆಗಲಿಲ್ಲ. ಗೋಡೆಗೆ ಬಡಿದಾಗಲೆಲ್ಲ ಬೆಚ್ಚಿ ಹಾರುವ ಹಾಗೆ ಆಗುತ್ತಿತ್ತು. ಬದಲಿಗೆ ಬಟ್ಟೆ ತೊಡಿಸಿದೆ. ನಮ್ಮವರ ಬನಿಯನ್ ಜಾರಿಹೋಯಿತು. ಮುಧೋಳದ ಎದೆ ಆಳ, ಸೊಂಟ ಹಿಡಿಯಷ್ಟು. ಸಂತೆಯಲ್ಲಿ 80 ರೂಪಾಯಿಗೊಂದರಂತೆ ದೊಡ್ಡ ಮಕ್ಕಳ ಟೀ ಶರ್ಟ್ ಎರಡು ತಂದೆ. ಸೊಂಟದ ಕಡೆ ಅತ್ತೆ ಬಿಗಿ ಹಿಡಿದು ಹೊಲಿದು, ಹಿಂದೆ ನಾಲ್ಕು ಲಾಡಿ ಇಟ್ಟು ಬೆನ್ನ ಮೇಲೆ ಗಂಟು ಹಾಕುವ ಹಾಗೆ ಮಾಡಿಕೊಟ್ಟರು. ಕೋನ್ ರಾತ್ರಿಗೆ ಮಾತ್ರ.

ಈಗ ಆ ಒಂದು ಸಲ ಹಾರಿದ ಕಥೆ. ಆರನೇ ದಿನ ರಾತ್ರಿ ಗೋಡೆ ಮೇಲೆ ಹಲ್ಲಿ. ಕಿಟಕಿ ಮುಚ್ಚಿದೆ, ಬಾಗಿಲು ಮುಚ್ಚಿದೆ, ಹಲ್ಲಿ ನೆನಪಾಗಿರಲಿಲ್ಲ. ಮುಂಗಾಲು ಗೋಡೆಗೆ ಕೊಟ್ಟು ಎದ್ದೇ ಬಿಟ್ಟಳು. ಹಗ್ಗ ಸೊಂಟದಲ್ಲಿ ಇದ್ದದ್ದರಿಂದ ಎರಡನೇ ಸಲ ಹಾರಲು ಬಿಡಲಿಲ್ಲ. ಡಾಕ್ಟರಿಗೆ ಫೋಟೊ ಕಳಿಸಿದೆ, ಏನೂ ಆಗಿರಲಿಲ್ಲ. ಮರುದಿನದಿಂದ ಆ ಕೋಣೆಯಲ್ಲಿ ಟ್ಯೂಬ್‌ಲೈಟ್ ಬಂದ್. ದೀಪ ಇಲ್ಲದಿದ್ದರೆ ಹುಳ ಇಲ್ಲ, ಹುಳ ಇಲ್ಲದಿದ್ದರೆ ಹಲ್ಲಿಯೂ ಇಲ್ಲ.

ನಡುವೆ ಇನ್ನೂ ಒಂದೆರಡು ಪ್ರಯೋಗ ಮಾಡಿದೆ. ಧಾರವಾಡ ಆಕಾಶವಾಣಿ ಹಚ್ಚಿಟ್ಟೆ, ಅವಳಿಗೆ ಹೆಚ್ಚು ಕಮ್ಮಿ ಏನೂ ಆಗಲಿಲ್ಲ. ಟೇಬಲ್ ಫ್ಯಾನಿನ ಸದ್ದು ಬೀದಿ ಸದ್ದನ್ನು ಮುಚ್ಚಿತು, ಅದು ಕೆಲಸಕ್ಕೆ ಬಂತು. ಅವಳು ಬೀದಿಗೆ ಹೋಗದಿದ್ದರೆ ಬೀದಿಯನ್ನೇ ಮನೆಗೆ ತರೋಣ ಅಂತ ಒಂದು ಬುಟ್ಟಿಯಲ್ಲಿ ಬೇವಿನ ಎಲೆ, ಕುರಿ ಮಲಗುವ ಕಡೆಯ ಹುಲ್ಲು, ಸಂತೆಯ ಖಾಲಿ ಚೀಲ ಹಾಕಿ ಮುಂದಿಟ್ಟೆ. ಮೂಸಿ ಮೂಸಿ ಸುಸ್ತಾದಳು. ಏಳನೇ ದಿನ ಕಿವಿಯಲ್ಲಿ ರಕ್ತ ಹೀರುವ ಒಂದು ಉಣ್ಣೆ ಹುಳ ಸಿಕ್ಕಿತು. ಅವತ್ತಿಗೇ ಹುಲ್ಲು ಬಿಟ್ಟೆ. ಚೀಲ ಮಾತ್ರ ಮುಂದುವರಿಯಿತು.

ಡಾಕ್ಟರು ನೋವಿಗೆ ಮೆಲೊಕ್ಸಿಕಾಮ್ ಬರೆದಿದ್ದರು. ತೀರಾ ಕೈಮೀರಿದರೆ ಅಂತ ಸುಮ್ಮನಿರಿಸುವ ಗಾಬಾಪೆಂಟಿನ್ ಕೂಡ ಕೊಟ್ಟಿದ್ದರು. ಹಲ್ಲಿಯ ರಾತ್ರಿ ಮತ್ತು ಮರುದಿನ, ಎರಡೇ ಸಲ ಅದು ಬೇಕಾಯಿತು. ಕಾಕು ನಮ್ಮ ಮನೆಯ ಜ್ವರದ ಮಾತ್ರೆ ಅರ್ಧ ಕೊಡು ಅಂದಿದ್ದರು. ಕೈಮುಗಿದು ಬೇಡ ಅಂದೆ.

ಒಟ್ಟು ಖರ್ಚು? ಆಪರೇಷನ್ ಎಂಟೂವರೆ ಸಾವಿರ, ರಕ್ತ ಪರೀಕ್ಷೆ ಸಾವಿರದ ಚಿಲ್ಲರೆ, ಮಾತ್ರೆ 600, ಆಟಿಕೆಗಳಿಗೆ 900 ಇರಬಹುದು. ಕ್ರೇಟ್‌ನಲ್ಲಿ ಕಳೆದ ಒಂದೂವರೆ ಸಾವಿರ ಸೇರಿಸಿದರೂ, ಚಿನ್ನಿಯ ಹೊಲಿಗೆ ಬಿಚ್ಚಿಹೋದಾಗ ಬಿದ್ದ ಒಟ್ಟು ಲೆಕ್ಕಕ್ಕೆ ಹತ್ತಿರ ಹತ್ತಿರ. ನೋವು ಮಾತ್ರ ಮಿಂಚಿ ಒಂದೇ ಸಲ ಅನುಭವಿಸಿದಳು.

ಕಾಕು ಮೊನ್ನೆ ಬಂದು ಆ ಕೌದಿ ಮಡಿಸೋದು ಹೇಗೆ ಅಂತ ಕೇಳಿದರು. ಅವರ ಲ್ಯಾಬ್ರಡಾರ್ ಮರಿಗೆ ಮುಂದಿನ ತಿಂಗಳು ಸ್ಪೇ. ಒಂದು ಮಡಿಕೆ ಬಿಟ್ಟು ಉಳಿದದ್ದೆಲ್ಲ ತೋರಿಸಿದ್ದೇನೆ. ಸೋಮವಾರದಿಂದ ಅವರ ಮನೆ ಬೆಲ್ ಒತ್ತುವ ಕೆಲಸ ನನ್ನದು.