ಸಾಕ್ಷಿಯ ಹೆಸರು ಮರೆಮಾಡಿದ ಮೂರು ಪ್ರಯತ್ನಗಳು: ನನ್ನ ಅನುಭವ

ಸಾಕ್ಷಿಯ ಹೆಸರು ಮರೆಮಾಡುವ ಕೋರ್ಟಿನ ಆದೇಶ ತಂದರೂ ನಮ್ಮ ಕಲಬುರಗಿ ಸೀಮೆಯಲ್ಲಿ ಅದು ನಿಲ್ಲದು, ಒಂದು ಊರಿನ ಗುಟ್ಟು ಮುಂದಿನ ಸಂತೆಯೊಳಗೆ ಇನ್ನೊಂದು ಊರಿಗೆ ಮುಟ್ಟುತ್ತದೆ ಎಂದು ಬಾರ್ ರೂಮಿನ ಹಿರಿಯ ವಕೀಲರು, ವಕೀಲಿಕೆ ಮಾಡುವ ನನಗೆ ಹೇಳಿದ್ದರು. ಅವರ ಮಾತು ಎರಡು ಸಲ ನಿಜವಾಯಿತು. ಮೂರನೆಯ ಸಲ ಆಗಲಿಲ್ಲ. ಅದಕ್ಕಾಗಿ ಇದನ್ನು ಬರೆಯುತ್ತಿದ್ದೇನೆ. ಊರುಗಳ ಮತ್ತು ಮೊಕದ್ದಮೆಗಳ ಗುರುತನ್ನು ಬೇಕೆಂದೇ ಬಿಟ್ಟಿದ್ದೇನೆ.

ಮಹೇಂದರ್ ಚಾವ್ಲಾ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಸಾಕ್ಷಿ ಸಂರಕ್ಷಣಾ ಯೋಜನೆಗೆ ಒಪ್ಪಿಗೆ ಕೊಟ್ಟದ್ದು 2018ರ ಡಿಸೆಂಬರ್‌ನಲ್ಲಿ. ಮರುವರ್ಷವೇ ಕೊಲೆ ಮೊಕದ್ದಮೆಯೊಂದರ ಪ್ರತ್ಯಕ್ಷ ಸಾಕ್ಷಿಗಾಗಿ ಅರ್ಜಿ ಹಾಕಿದೆ. ಐದು ಕೆಲಸದ ದಿನಗಳಲ್ಲಿ ಬರಬೇಕಾದ ಬೆದರಿಕೆ ವರದಿ, ಅಂದರೆ ಸಾಕ್ಷಿಗೆ ಎಷ್ಟು ಅಪಾಯವಿದೆ ಎಂದು ಪೊಲೀಸರು ಕೊಡುವ ವರದಿ, ಬರಲು ಸುಮಾರು ಒಂದೂವರೆ ತಿಂಗಳು ಹಿಡಿಯಿತು. ಆದೇಶವೂ ಆಯಿತು. ಆದರೆ ಸಮನ್ಸ್ ಹಳೆಯ ಸಾಕ್ಷಿ ಪಟ್ಟಿಯಿಂದಲೇ ತಯಾರಾಗಿ, ತಂದೆಯ ಹೆಸರಿನ ಸಮೇತ ಊರಿಗೆ ಹೋಯಿತು. ತಂದ ಪೇದೆ ಅಗಸಿ ಕಟ್ಟೆಯ ಮೇಲೆ ಕುಳಿತವರನ್ನು ಇವರ ಮನೆ ಯಾವುದೆಂದು ಕೇಳಿದ. ಆ ಸಾಕ್ಷಿ ಕಟಕಟೆಯಲ್ಲಿ ತಾನೇನೂ ನೋಡಿಲ್ಲವೆಂದು ಹೇಳಿ ಹೋದ. ಅವನನ್ನು ನಾನು ಇಂದಿಗೂ ದೂರುವುದಿಲ್ಲ. ಹೆಸರು ಮರೆಮಾಡಬೇಕೆಂದು ಮಾತ್ರ ಕೇಳಿದ್ದ ನನ್ನ ಅರ್ಜಿಯ ಪ್ರಾರ್ಥನೆಯೇ (ಕೋರಿಕೆಯ ಭಾಗವೇ) ಕುಂಟಾಗಿತ್ತು.

ಎರಡನೆಯದರಲ್ಲಿ ಸಮನ್ಸ್ ಸರಿಪಡಿಸಿದೆ. ಆಗ ಸಾಕ್ಷಿ ಕೋರ್ಟಿನಲ್ಲಿ ನುಡಿದದ್ದನ್ನು ಬರೆದಿಡುವ ಸಾಕ್ಷ್ಯದ ಹಾಳೆ ಕೈಕೊಟ್ಟಿತು. ಹೆಸರಿನ ಜಾಗದಲ್ಲಿ ಗುಪ್ತ ಅಕ್ಷರವಿತ್ತು, ಅದರ ಕೆಳಗೆ ವಯಸ್ಸು, ಊರು, ಉದ್ಯೋಗ ಎಂದಿನಂತೆ ತುಂಬಿದ್ದವು: ಬೇಳೆ ಮಿಲ್ಲಿನಲ್ಲಿ ಹಮಾಲಿ. ಆ ಊರಿನಿಂದ ಬೇಳೆ ಮಿಲ್ಲಿಗೆ ಬರುತ್ತಿದ್ದ ಹಮಾಲ ಅವನೊಬ್ಬನೇ. ಆ ಹಾಳೆಯ ನಕಲು ಪ್ರತಿ ಕೋರ್ಟಿನಿಂದ ಹೊರಬಿದ್ದ ವಾರದೊಳಗೆ ಅವನ ಮನೆಯ ಮುಂದೆ ಮೋಟಾರ್ ಸೈಕಲ್‌ಗಳು ನಿಂತವು, ಅವನು ಸಂಸಾರ ಸಮೇತ ಹೈದರಾಬಾದಿಗೆ ಹೋದ. ಬಾಡಿಗೆ ಮುಂಗಡಕ್ಕೆ ನಾನು ಎಂಟೋ ಒಂಬತ್ತೋ ಸಾವಿರ ಕೊಟ್ಟ ನೆನಪು. ಯೋಜನೆಯ ಪಠ್ಯದಲ್ಲಿ ಹೆಸರಿನ ಜೊತೆಗೆ ತಂದೆ-ತಾಯಿ, ಉದ್ಯೋಗ, ವಿಳಾಸ, ಡಿಜಿಟಲ್ ಗುರುತು ಎಲ್ಲವೂ ಸ್ಪಷ್ಟವಾಗಿ ಇವೆ. ನಾನು ಅದನ್ನು ಓದಿದ್ದೆ, ಅರ್ಜಿಯಲ್ಲಿ ಬಳಸಿರಲಿಲ್ಲ.

ಮೂರನೆಯದಕ್ಕೆ ಮುನ್ನ ಕೆಲವು ರಾತ್ರಿ ಕುಳಿತು, ಹಳೆಯ ಮೊಕದ್ದಮೆಗಳನ್ನು, ಕೋರ್ಟಿನ ಕಡತಗಳ ವಿವರ ತೋರಿಸುವ ಇ-ಕೋರ್ಟ್ಸ್ ಆ್ಯಪ್‌ನಲ್ಲಿ ಎದುರಾಳಿಯಂತೆ ಹುಡುಕಿದೆ. ಪಕ್ಷಗಾರರ ಹೆಸರು ಬೇಕಿರಲಿಲ್ಲ. ನನ್ನ ಹೆಸರಿನಿಂದ, ಎಫ್‌ಐಆರ್ ಸಂಖ್ಯೆಯಿಂದ ದಾರಿ ಸಿಕ್ಕಿತು. ಸಾಕ್ಷಿಯ ಹೆಸರು ಹೆಚ್ಚಾಗಿ ಸಿಕ್ಕಿದ್ದು ಆರೋಪಿಗಳ ಜಾಮೀನು ಆದೇಶಗಳಲ್ಲಿ, ಅಂದರೆ ನಾವು ಕಣ್ಣಿಡದ ಕಡತಗಳಲ್ಲಿ. ಇದು ನನ್ನ ಸ್ವಂತ ಶೋಧನೆ ಎಂದು ಹೇಳಿಕೊಳ್ಳಲು ಸಂಕೋಚವಿಲ್ಲ.

ಆದ್ದರಿಂದ ಮೂರನೆಯ ಅರ್ಜಿಯನ್ನು ಆರೋಪಪಟ್ಟಿಗೆ ಮೊದಲೇ, ತನಿಖೆಯ ಹಂತದಲ್ಲಿಯೇ ಹಾಕಿದೆ. ಗುರುತು ಬಿಟ್ಟುಕೊಡುವ ಭಾಗವನ್ನು ಆರೋಪಿಗೆ ಕೊಡುವ ಪ್ರತಿಯಿಂದ ಬಿಡಲು ಆಗ ಜಾರಿಯಲ್ಲಿದ್ದ ದಂಡ ಪ್ರಕ್ರಿಯಾ ಸಂಹಿತೆಯ 173(6)ರ ಅಡಿ ಟಿಪ್ಪಣಿ ಬರೆಯಬೇಕೆಂದು ತನಿಖಾಧಿಕಾರಿಯನ್ನು ಒಪ್ಪಿಸಲು ನಾಲ್ಕು ಸಲ ಓಡಾಡಿದೆ. ಪ್ರಾರ್ಥನೆಯಲ್ಲಿ ಪ್ರತಿಯೊಂದು ಕಾಗದವನ್ನೂ ಹೆಸರಿಸಿದೆ: ಸಮನ್ಸ್, ಸಾಕ್ಷ್ಯದ ಹಾಳೆಯ ತಲೆಭಾಗ, ಸಾಕ್ಷಿ ಭತ್ಯೆಯ ರಸೀದಿ, ಆದೇಶ ಪಟ್ಟಿ, ನಕಲು ಪ್ರತಿ, ಸಂಬಂಧಪಟ್ಟ ಜಾಮೀನು ಅರ್ಜಿಗಳು. ನಿಜವಾದ ಹೆಸರು ಮೊಹರು ಮಾಡಿದ ಲಕೋಟೆಯಲ್ಲಿ ಮಾತ್ರ ಉಳಿಯಿತು. ಸಮನ್ಸ್ ಊರಿನ ಠಾಣೆಯ ಮೂಲಕ ಹೋಗಲಿಲ್ಲ. ಹೇಗೆ ಹೋಯಿತೆಂಬುದನ್ನು ಇಲ್ಲಿ ಬರೆಯಲಾರೆ, ಏಕೆಂದರೆ ಆ ದಾರಿ ಇನ್ನೊಬ್ಬ ಸಾಕ್ಷಿಗೂ ಬೇಕಾಗಿದೆ.

ಗುರುತೇ ಇಲ್ಲದವರನ್ನು ಪಾಟೀ ಸವಾಲು ಮಾಡುವುದು ಹೇಗೆಂದು ಆರೋಪಿ ಪರ ವಕೀಲರು ಆಕ್ಷೇಪಿಸಿದರು. ಅದು ನ್ಯಾಯವಾದ ಆಕ್ಷೇಪವೇ. ಆದರೆ ಈ ಮೊಕದ್ದಮೆಯ ಆರೋಪಿಗಳು ಹೊರಗಿನವರು, ಸಾಕ್ಷಿಯನ್ನು ಮೊದಲು ಅರಿತವರಲ್ಲ. ಪರಿಚಿತರ ನಡುವಿನ ಜಗಳವಾಗಿದ್ದರೆ ಈ ವಿಧಾನ ಇಷ್ಟು ಫಲಿಸುತ್ತಿರಲಿಲ್ಲ. ಸಾಕ್ಷಿ ಘಟನೆಯ ವಿಷಯದಲ್ಲಿ ಹೆಚ್ಚುಕಡಿಮೆ ಇಡೀ ದಿನ ಪ್ರಶ್ನೆಗಳಿಗೆ ಉತ್ತರಿಸಿದರು, ಹೇಳಿಕೆಯಿಂದ ಹಿಂದೆ ಸರಿಯಲಿಲ್ಲ. ನನ್ನ ಕೈಯಿಂದ ಆದ ಖರ್ಚು ಕಾರು ಬಾಡಿಗೆ, ಟೈಪಿಂಗ್, ಸಾಕ್ಷಿಯ ನಾಲ್ಕು ದಿನದ ಕೂಲಿ ಸೇರಿ ಆರೇಳು ಸಾವಿರ, ಶುಲ್ಕ ಪಡೆಯಲಿಲ್ಲ.

ತೀರ್ಪು ಬಂದಿದೆ, ಶಿಕ್ಷೆಯಾಗಿದೆ. ಮೇಲ್ಮನವಿ ಹೈಕೋರ್ಟಿನ ಕಲಬುರಗಿ ಪೀಠಕ್ಕೆ ಹೋಗಲಿದೆ, ಅಲ್ಲಿ ಕಡತವೆಲ್ಲ ಹೊಸದಾಗಿ ಟೈಪಾಗುತ್ತದೆ. ಕಾಗದಗಳ ಅದೇ ಪಟ್ಟಿಯೊಂದಿಗೆ ಅಲ್ಲಿಗೆ ಹಾಕಬೇಕಾದ ಮೆಮೊವನ್ನು ಈಗಾಗಲೇ ಬರೆದಿಟ್ಟಿದ್ದೇನೆ.