ಮರ್ಜ್ ಮಾಡುವ ಮುನ್ನ ಕೆಂಪಾದ ಟೆಸ್ಟ್‌ಗಳನ್ನು ಸರಿಪಡಿಸುವುದು ಹೇಗೆ?

ಗಂಗಾವತಿಯ ಗಿರಣಿಗಳಿಂದ 26 ಕೆ.ಜಿ.ಯ ಅಕ್ಕಿ ಚೀಲ ಹೊರಡುವುದೇಕೆ ಎಂಬುದು ಅಲ್ಲಿ ಚೀಲ ಹೊರುವ ಹಮಾಲರಿಗೂ ಗೊತ್ತಿರುವ ಸಂಗತಿ. 2022ರ ಜುಲೈ 18ರಿಂದ, ಮೊದಲೇ ಚೀಲಕ್ಕೆ ತುಂಬಿ ಲೇಬಲ್ ಹಚ್ಚಿದ ಅಕ್ಕಿ 25 ಕೆ.ಜಿ. ಅಥವಾ ಅದಕ್ಕಿಂತ ಕಡಿಮೆ ಇದ್ದರೆ ಶೇ 5ರಷ್ಟು ಜಿಎಸ್‌ಟಿ ಬೀಳುತ್ತದೆ. ಅದಕ್ಕೂ ಹೆಚ್ಚಿನ ತೂಕದ ಚೀಲಕ್ಕೆ ಬೀಳುವುದಿಲ್ಲ. ಗಿರಣಿಗಳಿಗೆ ಬಿಲ್ಲಿಂಗ್ ತಂತ್ರಾಂಶ ಸಿದ್ಧಪಡಿಸುತ್ತಿದ್ದ ತಂಡವೊಂದರಲ್ಲಿ ನಾನಿದ್ದಾಗ, ತೆರಿಗೆ ಲೆಕ್ಕದ ಕೋಡನ್ನು ಅಚ್ಚುಕಟ್ಟು ಮಾಡಲು ಹೊರಟ ಹುಡುಗನೊಬ್ಬ ‘25 ಅಥವಾ ಕಡಿಮೆ’ ಎಂದಿದ್ದ ಷರತ್ತನ್ನು ತನಗೇ ಅರಿವಿಲ್ಲದೆ ‘25ಕ್ಕಿಂತ ಕಡಿಮೆ’ ಎಂದು ಮಾಡಿಬಿಟ್ಟ. ಒಂದೇ ಒಂದು ರಿಗ್ರೆಷನ್ ಟೆಸ್ಟ್ ಕೆಂಪಾಯಿತು, ಅಂದರೆ ಫೇಲ್ ಆಯಿತು. ₹1,250 ಬೆಲೆಯ 25 ಕೆ.ಜಿ. ಚೀಲಕ್ಕೆ, ಹತ್ತಿರದ ರೂಪಾಯಿಗೆ ತರುವ ಮುನ್ನ, ₹62.50 ತೆರಿಗೆ ಬರಬೇಕಿತ್ತು, ಸೊನ್ನೆ ಬರುತ್ತಿದೆ ಎಂದು ಅದು ಹೇಳುತ್ತಿತ್ತು. ತನ್ನ ಬದಲಾವಣೆ ಸಂಜೆಯೊಳಗೆ ತಂಡದ ಮುಖ್ಯ ಕೋಡಿಗೆ ಸೇರಬೇಕು, ಅಂದರೆ ಮರ್ಜ್ ಆಗಬೇಕೆಂಬ ಅವಸರದಲ್ಲಿ ಅವನು ಟೆಸ್ಟಿನೊಳಗಿದ್ದ 62.50ನ್ನು ಅಳಿಸಿ 0 ಎಂದು ಬರೆದ. ‘ಸರ್, ಟೆಸ್ಟ್ ಫೇಲ್ ಆಗಿತ್ತು, ಫಿಕ್ಸ್ ಮಾಡಿದೆ’ ಎಂದು ನನಗೂ ತಿಳಿಸಿದ. ನಾನೂ ತೆರೆದು ನೋಡಲಿಲ್ಲ. ಗಿರಣಿಯ ಲೆಕ್ಕಪತ್ರ ನೋಡುವವರು ಫೋನ್ ಮಾಡುವವರೆಗೂ ತೆರಿಗೆಯಿಲ್ಲದ ಬಿಲ್ಲುಗಳು ಹೊರಬೀಳುತ್ತಲೇ ಇದ್ದವು.

ಬಳ್ಳಾರಿ, ರಾಯಚೂರು, ಕೊಪ್ಪಳದ ಎಂಜಿನಿಯರಿಂಗ್ ಕಾಲೇಜುಗಳಲ್ಲಿ ಓದಿ ಬಂದ ಹೊಸಬರಿಗೆ ಕೆಲಸ ಕಲಿಸುವಾಗ ಇದೇ ತಪ್ಪನ್ನು ಮತ್ತೆ ಮತ್ತೆ ಕಂಡಿದ್ದೇನೆ. ಕೋಡ್ ಬರೆಯುವುದು ಅವರಿಗೆ ಚೆನ್ನಾಗಿ ಬರುತ್ತದೆ. ಆದರೆ ನಿನ್ನೆಯವರೆಗೆ ಸರಿಯಿದ್ದದ್ದು ಇಂದಿನ ಬದಲಾವಣೆಯಿಂದ ಕೆಟ್ಟಿಲ್ಲವೇ ಎಂದು ಕಾಯುವುದಕ್ಕಾಗಿಯೇ ಇರುವ ರಿಗ್ರೆಷನ್ ಟೆಸ್ಟು ಕೆಂಪಾದಾಗ ಏನು ಮಾಡಬೇಕು, ಯಾವ ಕ್ರಮದಲ್ಲಿ ಮಾಡಬೇಕು ಎಂಬುದನ್ನು ಯಾರೂ ಹೇಳಿಕೊಟ್ಟಿರುವುದಿಲ್ಲ.

ಮೊದಲು ಮೇನ್ ಬ್ರಾಂಚ್ ನೋಡಿ

ಎಲ್ಲರ ಕೆಲಸವೂ ಬಂದು ಸೇರುವ ಮುಖ್ಯ ಪ್ರತಿಯಾದ ಮೇನ್ ಬ್ರಾಂಚನ್ನು ಹೊಸದಾಗಿ ಎಳೆದುಕೊಂಡು ಅದರ ಮೇಲೆಯೇ ಟೆಸ್ಟ್ ಓಡಿಸಿ. ಅಲ್ಲಿಯೂ ಕೆಂಪಿದ್ದರೆ ಅದು ನಿಮ್ಮ ಬದಲಾವಣೆಯಿಂದ ಆದದ್ದಲ್ಲ. ತಂಡಕ್ಕೆ ತಿಳಿಸಿ, ಮೊದಲು ಅದು ಸರಿಯಾಗಲಿ. ಹಸಿರಿದ್ದರೆ ಮೇನನ್ನು ನಿಮ್ಮ ಬ್ರಾಂಚಿಗೆ ತಂದುಕೊಂಡು ಮತ್ತೊಮ್ಮೆ ಓಡಿಸಿ. ನೀವೊಬ್ಬರೇ ಕೆಲಸ ಮಾಡುವ ಬ್ರಾಂಚ್ ಆಗಿದ್ದರೆ ರೀಬೇಸ್ ಮಾಡಿ (ನಿಮ್ಮ ಬದಲಾವಣೆಗಳನ್ನು ಹೊಸ ಮೇನ್ ಮೇಲೆ ಮತ್ತೆ ಜೋಡಿಸಿ), ಇನ್ನೊಬ್ಬರೂ ಅದರ ಮೇಲೆ ಕೆಲಸ ಮಾಡುತ್ತಿದ್ದರೆ ಮರ್ಜ್ ಮಾಡಿ. ಈ ವಿಷಯದಲ್ಲಿ ನನ್ನ ಸಲಹೆ ಬದಲಾಗುವುದಿಲ್ಲ. ಕೋಡಿನ ಬದಲಾವಣೆಗಳ ದಾಖಲೆ ಇಡುವ ಗಿಟ್ ‘ಕಾನ್‌ಫ್ಲಿಕ್ಟ್ (ಘರ್ಷಣೆ) ಇಲ್ಲ’ ಎಂದಿತೆಂದು ನಿಶ್ಚಿಂತರಾಗಬೇಡಿ. ಅದು ಸಾಲುಗಳನ್ನು ಹೋಲಿಸುತ್ತದೆಯೇ ಹೊರತು ಅರ್ಥವನ್ನಲ್ಲ. ಸಹೋದ್ಯೋಗಿ ಒಂದು ಫೈಲಿನಲ್ಲಿ ಫಂಕ್ಷನ್ನಿನ ಹೆಸರು ಬದಲಿಸಿ, ನೀವು ಇನ್ನೊಂದು ಫೈಲಿನಲ್ಲಿ ಹಳೆಯ ಹೆಸರಿನಿಂದಲೇ ಅದನ್ನು ಕರೆದಿದ್ದರೆ, ಎರಡೂ ಬ್ರಾಂಚುಗಳು ಬೇರೆ ಬೇರೆಯಾಗಿ ಹಸಿರಾಗಿರುತ್ತವೆ, ಕೂಡಿದ ಮೇಲೆ ಮುರಿಯುತ್ತವೆ.

ಒಂದನ್ನೇ ಓಡಿಸಿ, ಪೂರ್ತಿ ಓದಿ

ನಲವತ್ತು ಟೆಸ್ಟು ಕೆಂಪಾಗಿವೆ ಎಂದು ಗಾಬರಿಯಾಗಬೇಡಿ. ಅನೇಕ ವೇಳೆ ಅವೆಲ್ಲದರ ಹಿಂದೆ ಇರುವುದು ಒಂದೇ ಕಾರಣ. ಮೊದಲು ಬಿದ್ದ ಒಂದನ್ನು ಆರಿಸಿ, ಅದನ್ನಷ್ಟೇ ಓಡಿಸಿ. ಪೈಥಾನ್ ಟೆಸ್ಟುಗಳನ್ನು ಓಡಿಸುವ ಪೈಟೆಸ್ಟ್ ಬಳಸುವವರಿಗೆ ಮೊದಲ ಸೋಲಿಗೇ ನಿಲ್ಲುವ ಆಯ್ಕೆಯೂ ಇದೆ, ಹಿಂದಿನ ಓಟದಲ್ಲಿ ಬಿದ್ದವುಗಳನ್ನು ಮಾತ್ರ ಓಡಿಸುವ ಆಯ್ಕೆಯೂ ಇದೆ. ನಂತರ ದೋಷದ ಸಂದೇಶವನ್ನು ಅವಸರವಿಲ್ಲದೆ ಪೂರ್ತಿ ಓದಿ, ಮೂರು ವಿಷಯಗಳನ್ನು ಕಾಗದದ ಮೇಲೆ ಬರೆದುಕೊಳ್ಳಿ: ನಿರೀಕ್ಷಿತ ಮೌಲ್ಯ ಏನು, ಬಂದ ಮೌಲ್ಯ ಏನು, ಯಾವ ಸಾಲಿನಲ್ಲಿ. ಕಾಗದ ಎಂದು ಬೇಕೆಂದೇ ಹೇಳುತ್ತಿದ್ದೇನೆ, ಏಕೆಂದರೆ ಎಡಿಟರ್ ತೆರೆದರೆ ಕೈ ತಾನಾಗಿಯೇ ತಿದ್ದಲು ಹೋಗುತ್ತದೆ.

ತಪ್ಪಿರುವುದು ಎಲ್ಲಿ?

ಹೆಚ್ಚಿನವರು ಎಡವುವುದು ಇಲ್ಲಿಯೇ. ಕೋಡು ಕೆಟ್ಟಿರಬಹುದು, ನಿಯಮವೇ ಬದಲಾಗಿ ಟೆಸ್ಟು ಹಳತಾಗಿರಬಹುದು, ಟೆಸ್ಟು ಒಮ್ಮೆ ಹಸಿರು ಒಮ್ಮೆ ಕೆಂಪು ಎಂದು ಆಡುವ ಫ್ಲೇಕಿ ಟೆಸ್ಟ್ ಆಗಿರಬಹುದು, ಇಲ್ಲವೇ ಟೆಸ್ಟು ಓಡುವ ಪರಿಸರ ಬೇರೆಯಾಗಿರಬಹುದು. ಇವುಗಳಲ್ಲಿ ಯಾವುದು ಎಂದು ಖಚಿತವಾಗುವವರೆಗೆ ಒಂದಕ್ಷರವನ್ನೂ ತಿದ್ದಬಾರದು.

ಆರಂಭದಲ್ಲಿ ಯಾವಾಗಲೂ ಕೋಡನ್ನೇ ಅನುಮಾನಿಸಿ. ಅದೇ ಬಿಲ್ಲಿಂಗ್ ತಂತ್ರಾಂಶದ ಒಂದು ಭಾಗವನ್ನು ಜಾವಾಸ್ಕ್ರಿಪ್ಟ್‌ನಿಂದ ಪೈಥಾನ್‌ಗೆ ಬದಲಿಸಿದಾಗ ಹೀಗಾಯಿತು. ಗಡಿಯಾಚೆಯ ಆದೋನಿಗೆ ಕಳುಹಿಸಿದ ₹1,290ರ ಚೀಲವೊಂದಕ್ಕೆ ಐಜಿಎಸ್‌ಟಿ (ಅಂತರರಾಜ್ಯ ಮಾರಾಟದ ಜಿಎಸ್‌ಟಿ) ₹64.50. ಕೇಂದ್ರದ ಜಿಎಸ್‌ಟಿಯ, ಅಂದರೆ ಸಿಜಿಎಸ್‌ಟಿ ಕಾಯ್ದೆಯ 170ನೇ ಕಲಂ ಪ್ರಕಾರ ತೆರಿಗೆಯ ಮೊತ್ತವನ್ನು ಹತ್ತಿರದ ರೂಪಾಯಿಗೆ ತರುವಾಗ 50 ಪೈಸೆ ಅಥವಾ ಹೆಚ್ಚಿದ್ದರೆ ಮೇಲಿನ ರೂಪಾಯಿಗೆ ಏರಿಸಬೇಕು. ಐಜಿಎಸ್‌ಟಿಗೂ ಅದೇ ನಿಯಮ. ಹಾಗಾಗಿ ₹65 ಬರಬೇಕು. ಹೊಸ ಕೋಡು ₹64 ಎನ್ನುತ್ತಿತ್ತು. ಪೈಥಾನ್‌ನ ‘ರೌಂಡ್’ ಫಂಕ್ಷನ್ ಸರಿಯಾಗಿ ಅರ್ಧಕ್ಕೆ ಬಿದ್ದ ಸಂಖ್ಯೆಯನ್ನು ಹತ್ತಿರದ ಸಮಸಂಖ್ಯೆಗೆ ತರುತ್ತದೆ. ಜಾವಾಸ್ಕ್ರಿಪ್ಟ್‌ನ ‘ಮ್ಯಾಥ್ ರೌಂಡ್’ ಮೇಲಕ್ಕೆ ಏರಿಸುತ್ತದೆ. ತಂಡದಲ್ಲಿ ಕೆಲವರು ‘ಒಂದು ರೂಪಾಯಿ ತಾನೇ, ಟೆಸ್ಟಿನಲ್ಲಿ ಒಂದು ರೂಪಾಯಿಯ ಸಡಿಲ ಕೊಟ್ಟರಾಯಿತು’ ಎಂದರು. ಒಪ್ಪಬೇಡಿ. ಹಣದ ಲೆಕ್ಕಕ್ಕೆ ದಶಮಾಂಶವನ್ನು ನಿಖರವಾಗಿ ಇಡುವ ‘ಡೆಸಿಮಲ್’ ಬಳಸಿ, ಅರ್ಧವನ್ನು ಮೇಲೇರಿಸುವ ಕ್ರಮವನ್ನು ಸ್ಪಷ್ಟವಾಗಿ ಬರೆಯಿರಿ. ದಶಮಾಂಶವನ್ನು ಅಂದಾಜಾಗಿ ಇಡುವ ಫ್ಲೋಟ್‌ನಲ್ಲಿ 0.1 ಮತ್ತು 0.2 ಕೂಡಿದರೆ 0.30000000000000004 ಬರುತ್ತದೆ ಎಂಬುದನ್ನು ಕಂಡ ಮೇಲೂ ಫ್ಲೋಟ್‌ನಲ್ಲಿ ರೂಪಾಯಿ ಇಡುವುದು ಸರಿಯಲ್ಲ.

ಟೆಸ್ಟನ್ನೇ ತಿದ್ದಬೇಕಾದ ಸಂದರ್ಭಗಳೂ ನಿಜಕ್ಕೂ ಇವೆ. ಹೊಸಪೇಟೆಯ ವಿಳಾಸ ಕೊಟ್ಟರೆ ಜಿಲ್ಲೆಯ ಜಾಗದಲ್ಲಿ ‘ಬಳ್ಳಾರಿ’ ಎಂದು ಬರಬೇಕೆಂದು ಹಿಂದೆ ಬರೆದಿಟ್ಟ ಟೆಸ್ಟೊಂದು ನಮ್ಮಲ್ಲಿತ್ತು. 2021ರಲ್ಲಿ ವಿಜಯನಗರ ಜಿಲ್ಲೆ ರಚನೆಯಾಗಿ ಹೊಸಪೇಟೆಯೇ ಅದರ ಕೇಂದ್ರವಾಯಿತು. ಜಿಲ್ಲೆಗಳ ಪಟ್ಟಿಯನ್ನು ಸರಿಪಡಿಸಿದ ಕೂಡಲೇ ಆ ಟೆಸ್ಟು ಕೆಂಪಾಯಿತು, ಆಗಲೇಬೇಕಿತ್ತು. ಇಲ್ಲಿ ನಿರೀಕ್ಷಿತ ಮೌಲ್ಯವನ್ನು ಬದಲಿಸುವುದೇ ಸರಿ. ಈ ಪ್ರಕರಣಕ್ಕೂ 25 ಕೆ.ಜಿ. ಚೀಲದ ಪ್ರಕರಣಕ್ಕೂ ಇರುವ ವ್ಯತ್ಯಾಸವನ್ನು ಹೀಗೆ ಪರೀಕ್ಷಿಸಿಕೊಳ್ಳಿ: ‘ಇಂಥ ನಿಯಮ ಇಂಥ ದಿನದಿಂದ ಹೀಗೆ ಬದಲಾಗಿದೆ, ಆದ್ದರಿಂದ ಈ ಮೌಲ್ಯ ಬದಲಿಸುತ್ತಿದ್ದೇನೆ’ ಎಂದು ಕೋಡಿನ ಹೆಸರೆತ್ತದೆ ಒಂದು ವಾಕ್ಯದಲ್ಲಿ ಬರೆಯಲು ನಿಮಗೆ ಸಾಧ್ಯವೇ? ಸಾಧ್ಯವಾದರೆ ಆ ವಾಕ್ಯವನ್ನೇ ಕಮಿಟ್ (ಗಿಟ್‌ನಲ್ಲಿ ದಾಖಲಿಸುವ ಒಂದು ಬದಲಾವಣೆ) ಸಂದೇಶವಾಗಿಸಿ, ಟೆಸ್ಟನ್ನು ತಿದ್ದಿ. ‘ಈಗ ಕೋಡು ಹೀಗೆ ಕೊಡುತ್ತಿದೆ’ ಎಂಬುದಷ್ಟೇ ನಿಮ್ಮ ವಾಕ್ಯವಾಗಿದ್ದರೆ ಕೈ ಹಿಂದೆ ತೆಗೆದುಕೊಳ್ಳಿ.

ಇದೇ ಕಾರಣಕ್ಕೆ, ಪರದೆಯ ಔಟ್‌ಪುಟ್ಟನ್ನು ಇಡಿಯಾಗಿ ಉಳಿಸಿಕೊಂಡು ಹೋಲಿಸುವ ಸ್ನ್ಯಾಪ್‌ಶಾಟ್ ಟೆಸ್ಟುಗಳನ್ನು ಒಂದೇ ಆಜ್ಞೆಯಿಂದ ಸಾರಾಸಗಟಾಗಿ ನವೀಕರಿಸುವ ಅಭ್ಯಾಸವನ್ನು ಬಿಡಿ. ಪ್ರತಿಯೊಂದು ವ್ಯತ್ಯಾಸವನ್ನೂ ಕಣ್ಣಿಟ್ಟು ನೋಡಿ. ಎಐ ಸಹಾಯಕಕ್ಕೆ ‘ಟೆಸ್ಟು ಪಾಸಾಗುವಂತೆ ಮಾಡು’ ಎಂದು ಹೇಳಿದರೆ ಅದು ನಿರೀಕ್ಷಿತ ಮೌಲ್ಯವನ್ನೇ ತಿದ್ದಿಕೊಡುವುದನ್ನು ನಾನು ಹಲವು ಸಲ ಕಂಡಿದ್ದೇನೆ. ಕಾರಣ ಹುಡುಕಲು ಅದರ ನೆರವು ಪಡೆಯಿರಿ, ಟೆಸ್ಟ್ ಫೈಲನ್ನು ಮಾತ್ರ ಅದರ ಕೈಗೆ ಕೊಡಬೇಡಿ. ಮೌಸ್ ಒತ್ತಿದ್ದನ್ನು ರೆಕಾರ್ಡ್ ಮಾಡಿ ತಾನೇ ಟೆಸ್ಟ್ ಬರೆಯುತ್ತೇನೆಂದು ಹೇಳಿಕೊಳ್ಳುವ ಉಪಕರಣಗಳಿಗೆ ದುಡ್ಡು ಸುರಿಯಬೇಡಿ. ಪರದೆಯ ಮೇಲೆ ಒಂದು ಗುಂಡಿ ಸ್ವಲ್ಪ ಪಕ್ಕಕ್ಕೆ ಸರಿದರೂ ಅಂಥ ಟೆಸ್ಟುಗಳು ಬಿದ್ದುಹೋಗುವುದನ್ನು ನೋಡಿ ಸಾಕಾಗಿದೆ.

ಫ್ಲೇಕಿ ಟೆಸ್ಟುಗಳ ಮೂಲ ಹೆಚ್ಚಾಗಿ ಸಮಯ ಅಥವಾ ಕ್ರಮದಲ್ಲಿರುತ್ತದೆ. ಟೆಸ್ಟುಗಳನ್ನು ತಾವಾಗಿಯೇ ಓಡಿಸುವ ಸಿಐ ಸರ್ವರುಗಳು ಸಾಮಾನ್ಯವಾಗಿ ಯುಟಿಸಿ (ಅಂತರರಾಷ್ಟ್ರೀಯ ಪ್ರಮಾಣ) ಸಮಯದಲ್ಲಿ ಓಡುತ್ತವೆ, ನಮ್ಮ ಗಡಿಯಾರ ಅದಕ್ಕಿಂತ ಐದೂವರೆ ಗಂಟೆ ಮುಂದಿದೆ. ಏಪ್ರಿಲ್ 1ರಂದು ಹೊಸ ಆರ್ಥಿಕ ವರ್ಷದ ಬಿಲ್ ಸಂಖ್ಯೆ 1ರಿಂದ ಶುರುವಾಗಬೇಕೆಂದು ಬರೆದ ಟೆಸ್ಟು ಅಂದು ಬೆಳಗಿನ 5.30ರ ಒಳಗೆ ಓಡಿದರೆ, ಸರ್ವರಿನ ಲೆಕ್ಕದಲ್ಲಿ ಅದಿನ್ನೂ ಮಾರ್ಚ್ 31. ‘ಇಂದಿನ ದಿನಾಂಕ’ವನ್ನು ಟೆಸ್ಟಿನೊಳಗಿಂದ ನೇರವಾಗಿ ಕೇಳಬೇಡಿ, ದಿನಾಂಕವನ್ನು ಹೊರಗಿನಿಂದ ಕೊಡುವಂತೆ ಫಂಕ್ಷನ್ ಬರೆಯಿರಿ, ಟೆಸ್ಟಿನಲ್ಲಿ ಅದನ್ನು ಸ್ಥಿರವಾಗಿಡಿ. ಕ್ರಮದ ತೊಂದರೆಯೂ ಇಷ್ಟೇ ಸರಳ: ಯಾವ ಕ್ರಮದಲ್ಲಿ ಬೇಕೆಂದು ಹೇಳುವ ‘ಆರ್ಡರ್ ಬೈ’ ಇಲ್ಲದ ಪ್ರಶ್ನೆಗೆ ಪೋಸ್ಟ್‌ಗ್ರೆಸ್ ಡೇಟಾಬೇಸ್ ಸಾಲುಗಳನ್ನು ಇಂಥದೇ ಕ್ರಮದಲ್ಲಿ ಕೊಡುವ ಭರವಸೆ ನೀಡುವುದಿಲ್ಲ. ಬಿದ್ದ ಟೆಸ್ಟನ್ನು ತಾನಾಗಿಯೇ ಮೂರು ಸಲ ಓಡಿಸಿ, ಒಮ್ಮೆ ಪಾಸಾದರೂ ಹಸಿರು ತೋರಿಸುವ ಪ್ಲಗಿನ್ ಹಾಕಿಕೊಳ್ಳುವುದು, ನಡುವೆ ಐದು ಸೆಕೆಂಡಿನ ‘ಸ್ಲೀಪ್’ ತುರುಕುವುದು, ಇವೆರಡನ್ನೂ ನಾನು ನೋಡಿಕೊಳ್ಳುವ ಯಾವ ಕೆಲಸದಲ್ಲೂ ಬಿಡುವುದಿಲ್ಲ.

ಪರಿಸರದ ತೊಂದರೆಗೆ ನಮ್ಮ ಭಾಷೆಯಿಂದಲೇ ಒಂದು ಉದಾಹರಣೆ ಕೊಡುತ್ತೇನೆ. ‘ಕೊಪ್ಪಳ’ ಎಂಬ ಪದದ ಮೊದಲ ಅಕ್ಷರದಲ್ಲಿರುವ ಒಕಾರವನ್ನು ಯೂನಿಕೋಡ್‌ನಲ್ಲಿ ಒಂದೇ ಸಂಕೇತವಾಗಿಯೂ ಬರೆಯಬಹುದು, ಎಕಾರ ಮತ್ತು ಊಕಾರದ ಎರಡು ಸಂಕೇತಗಳನ್ನು ಜೋಡಿಸಿಯೂ ಬರೆಯಬಹುದು. ಪರದೆಯ ಮೇಲೆ ಎರಡೂ ಒಂದೇ ತೆರನಾಗಿ ಕಾಣುತ್ತವೆ. ಕಂಪ್ಯೂಟರಿಗೆ ಮಾತ್ರ ಒಂದು ಪದ ಆರು ಸಂಕೇತಗಳದು, ಇನ್ನೊಂದು ಏಳರದು, ಎರಡೂ ಸಮವಲ್ಲ. ಬೇರೊಂದು ಉಪಕರಣದಲ್ಲಿ ಪರಿವರ್ತಿಸಿ ತಂದ ಗ್ರಾಹಕರ ಪಟ್ಟಿಯಿಂದಾಗಿ ‘ಕೊಪ್ಪಳ ಬರಬೇಕಿತ್ತು, ಕೊಪ್ಪಳ ಬಂದಿದೆ’ ಎಂದು ಟೆಸ್ಟು ಕೆಂಪಾಗಿ ನಿಂತಾಗ, ಅರ್ಧ ದಿನ ತಲೆ ಕೆಡಿಸಿಕೊಂಡ ತಂಡವನ್ನು ನಾನು ಬಲ್ಲೆ. ಅಂಥಲ್ಲಿ ಎರಡೂ ಪದಗಳ ಉದ್ದವನ್ನು ಮುದ್ರಿಸಿ ನೋಡಿ. ಪರಿಹಾರ ಟೆಸ್ಟಿನಲ್ಲಿಲ್ಲ, ಮಾಹಿತಿ ಒಳಗೆ ಬರುವ ಬಾಗಿಲಲ್ಲೇ ಎಲ್ಲವನ್ನೂ ಎನ್ಎಫ್‌ಸಿ (ಜೋಡಿಸಿ ಬರೆದದ್ದನ್ನು ಒಂದೇ ಸಂಕೇತವಾಗಿಸುವ) ರೂಪಕ್ಕೆ ತರಬೇಕು. ಇನ್ನೊಂದು ಮಾತು: ನಿಜವಾದ ಬಳಕೆಯಲ್ಲಿ ಪೋಸ್ಟ್‌ಗ್ರೆಸ್ ಇದ್ದು ಟೆಸ್ಟಿಗೆ ಮಾತ್ರ ಎಸ್‌ಕ್ಯೂಲೈಟ್ ಎಂಬ ಪುಟ್ಟ ಡೇಟಾಬೇಸ್ ಬಳಸುವ ಅಡ್ಡದಾರಿ ಬೇಡ. ಎಸ್‌ಕ್ಯೂಲೈಟ್‌ನಲ್ಲಿ ಫಾರಿನ್ ಕೀ ತಪಾಸಣೆ (ಒಂದು ಕೋಷ್ಟಕ ಸೂಚಿಸುವ ದಾಖಲೆ ಇನ್ನೊಂದರಲ್ಲಿ ನಿಜಕ್ಕೂ ಇದೆಯೇ ಎಂಬ ಪರಿಶೀಲನೆ) ಸಾಮಾನ್ಯವಾಗಿ, ನಾವಾಗಿ ಹೇಳದ ಹೊರತು, ಬಂದ್ ಇರುತ್ತದೆ.

ಯಾವ ಕಮಿಟ್‌ನಿಂದ?

ಕೋಡೇ ಕೆಟ್ಟಿದೆ ಎಂದು ತಿಳಿದರೂ ಎಲ್ಲಿ ಎಂದು ಹೊಳೆಯದಿದ್ದರೆ ಗಿಟ್ ಬೈಸೆಕ್ಟ್ ಬಳಸಿ. ಸರಿಯಿದ್ದ ಒಂದು ಕಮಿಟ್ಟನ್ನೂ ಕೆಟ್ಟ ಒಂದು ಕಮಿಟ್ಟನ್ನೂ ಹೇಳಿದರೆ ಅದು ನಡುವಿನದನ್ನು ತೆಗೆದುಕೊಡುತ್ತದೆ. ಪ್ರತಿ ಸಲವೂ ಹುಡುಕಾಟ ಅರ್ಧಕ್ಕಿಳಿಯುವುದರಿಂದ 64 ಕಮಿಟ್‌ಗಳಿದ್ದರೂ ಆರು ಓಟಗಳಲ್ಲಿ ಉತ್ತರ ಸಿಗುತ್ತದೆ. ಬಿದ್ದ ಟೆಸ್ಟಿನ ಆಜ್ಞೆಯನ್ನೇ ಬೈಸೆಕ್ಟ್ ರನ್‌ಗೆ ಕೊಟ್ಟರೆ ನೀವು ಚಹಾ ಕುಡಿದು ಬರುವಷ್ಟರಲ್ಲಿ ಕೆಲಸ ಮುಗಿದಿರುತ್ತದೆ. ಬಿಲ್ಡ್ ಆಗದ (ಓಡುವ ರೂಪಕ್ಕೆ ಬಾರದ) ಕಮಿಟ್ ನಡುವೆ ಸಿಕ್ಕರೆ ಸ್ಕ್ರಿಪ್ಟಿನಿಂದ 125 ಎಂಬ ಸಂಕೇತ ಹಿಂತಿರುಗಿಸಿ, ಅದನ್ನು ಬಿಟ್ಟು ಮುಂದೆ ಹೋಗುತ್ತದೆ.

ಸರಿಪಡಿಸಿ, ಮತ್ತೆ ಕೆಡಿಸಿ ನೋಡಿ

ತಿದ್ದುಪಡಿ ಚಿಕ್ಕದಾಗಿರಲಿ, ಪ್ರತ್ಯೇಕ ಕಮಿಟ್ ಆಗಿರಲಿ. ಕೋಡಿನ ತಿದ್ದುಪಡಿಯನ್ನೂ ಟೆಸ್ಟಿನ ತಿದ್ದುಪಡಿಯನ್ನೂ ಒಂದೇ ಕಮಿಟ್‌ನಲ್ಲಿ ಬೆರೆಸಿದರೆ ಪರಿಶೀಲಿಸುವವರಿಗೆ ಯಾವುದು ಯಾವುದಕ್ಕಾಗಿ ಎಂದು ಗೊತ್ತಾಗುವುದಿಲ್ಲ. ಟೆಸ್ಟು ಹಸಿರಾದ ಮೇಲೆ ತಿದ್ದಿದ ಸಾಲನ್ನು ಒಮ್ಮೆ ಬೇಕೆಂದೇ ಕೆಡಿಸಿ ಓಡಿಸಿ. ಆಗಲೂ ಹಸಿರೇ ಉಳಿದರೆ ಆ ಟೆಸ್ಟು ಏನನ್ನೂ ಕಾಯುತ್ತಿಲ್ಲ ಎಂದರ್ಥ. ಮೊದಲು ಹೇಳಿದ ಗಿರಣಿಯ ಪ್ರಕರಣ ಬಯಲಾದ ಮೇಲೆ ಆ ಹುಡುಗನ ಪಕ್ಕದಲ್ಲಿ ಕುಳಿತು ಷರತ್ತನ್ನು ಹಿಂದಿನಂತೆ ಮಾಡಿಸಿದೆ, 62.50ನ್ನು ಮರಳಿ ಬರೆಸಿದೆ. 25ಕ್ಕೆ ಮಾತ್ರ ಇದ್ದ ಟೆಸ್ಟಿನ ಜೊತೆಗೆ 24ಕ್ಕೂ 26ಕ್ಕೂ ಒಂದೊಂದು ಟೆಸ್ಟನ್ನು ಅವನೇ ಸೇರಿಸಿದ.

ತಕ್ಷಣ ಸರಿಪಡಿಸಲಾಗದ ಟೆಸ್ಟು ಇದ್ದೇ ಇದ್ದರೆ, ಅದಕ್ಕೆ ‘ಸ್ಕಿಪ್’ ಗುರುತು ಹಾಕುವುದನ್ನು ಕೊನೆಯ ದಾರಿಯಾಗಿ ಒಪ್ಪುತ್ತೇನೆ. ಆದರೆ ಗುರುತಿನ ಪಕ್ಕದಲ್ಲೇ ಕಾರಣ, ಹೊಣೆ ಹೊತ್ತವರ ಹೆಸರು, ತೆಗೆಯುವ ದಿನಾಂಕ ಇರಬೇಕು. ತೆರಿಗೆ, ಸಂಬಳ, ದಾಸ್ತಾನು ಲೆಕ್ಕದ ಟೆಸ್ಟುಗಳಿಗೆ ಆ ದಾರಿಯೂ ಇಲ್ಲ. ಅಂಥ ಬ್ರಾಂಚು ಕಾಯಲಿ.

ಮರ್ಜ್

ಎಲ್ಲ ಟೆಸ್ಟುಗಳನ್ನೂ ಸಿಐ ಮೇಲೆ ಓಡಿಸಿ, ಹಸಿರಾದರೆ ಮರ್ಜ್ ಮಾಡಿ. ನೀವು ಕಾಯುತ್ತಿದ್ದ ಹೊತ್ತಿನಲ್ಲಿ ಬೇರೊಬ್ಬರು ಮೇನ್‌ಗೆ ಏನಾದರೂ ಸೇರಿಸಿದ್ದರೆ ಮತ್ತೆ ಮೇನನ್ನು ತಂದುಕೊಂಡು ಇನ್ನೊಮ್ಮೆ ಓಡಿಸಬೇಕು, ಬೇಸರವಾದರೂ ಸರಿ. ಮರ್ಜ್ ಆದ ಮೇಲೆ ಮೇನ್ ಮೇಲಿನ ಓಟ ಹಸಿರಾಗುವುದನ್ನು ಕಣ್ಣಾರೆ ನೋಡಿ, ಬ್ರಾಂಚನ್ನು ಅಳಿಸಿ, ನಂತರ ಮನೆಗೆ ಹೊರಡಿ. ಅಲ್ಲಿ ಕೆಂಪಾದರೆ ಆ ಹೊತ್ತಿನಲ್ಲಿ ಕಾರಣ ಹುಡುಕುತ್ತ ಕೂರಬೇಡಿ. ಮರ್ಜನ್ನು ರಿವರ್ಟ್ ಮಾಡಿ, ಅಂದರೆ ಹಿಂತೆಗೆದುಕೊಳ್ಳಿ, ಬೆಳಿಗ್ಗೆ ಬಂದು ಮೊದಲ ಹೆಜ್ಜೆಯಿಂದ ಶುರು ಮಾಡಿ.