ಕೈ ಹಿಡಿಯದೆ ಕಲಿಸಿದ ಮೂರು ಗುಂಡಿಯ ಪೆಟ್ಟಿಗೆ

ಬೌದ್ಧಿಕ ಅಸಾಮರ್ಥ್ಯ ಇರುವವರಿಗೆ ಕೈ ಮೇಲೆ ಕೈಯಿಟ್ಟು ಒತ್ತಿಸದೆ ಏನನ್ನೂ ಕಲಿಸಲಾಗದು ಎಂದು ಅವರಿಗೆ ಕಲಿಸುವ ನಮ್ಮ ವೃತ್ತಿಯವರೇ ಹೇಳುತ್ತಿದ್ದರು. ದೌರ್ಜನ್ಯಕ್ಕೆ ಒಳಗಾದವರ ವಿಷಯದಲ್ಲಿ ಆ ಪದ್ಧತಿಯೇ ತಪ್ಪು. ನಿನ್ನ ಮೈಯನ್ನು ಬೇರೆಯವರು ಆಡಿಸಬಹುದು ಎಂಬ ಹಳೆಯ ಪಾಠವನ್ನೇ ಅದು ಮತ್ತೆ ಕಲಿಸುತ್ತದೆ. ಈಗ ಇಂಥ 9 ಜನ, ಎಲ್ಲರೂ ವಯಸ್ಕರು, ಗಾಬರಿ ಏರುವಾಗ ತಾವಾಗಿ, ಗುಂಡಿ ಒತ್ತಿದರೆ ಹಾಡು ಅಥವಾ ಉಸಿರಿನ ಗುನುಗು ನುಡಿಸುವ ಪೆಟ್ಟಿಗೆಯ ಹತ್ತಿರ ಹೋಗುತ್ತಾರೆ. ಒಬ್ಬರ ಕೈಯನ್ನೂ ಮುಟ್ಟಿ ಕಲಿಸಿಲ್ಲ.

ಮೊದಲು ಟ್ಯಾಬ್ಲೆಟ್‌ಗೆ ಸುಮಾರು 8,000 ರೂಪಾಯಿ ಸುರಿದದ್ದು ವ್ಯರ್ಥವಾಯಿತು. ಹಾಡಿನ ನಡುವೆ ನೋಟಿಫಿಕೇಶನ್ ಸದ್ದು. ಮನೆಯಲ್ಲಿ ಇನ್ಯಾರೋ ಕಸಿದುಕೊಳ್ಳುವುದು. ಏನು ಬಳಸಿದ್ದಾರೆಂದು ತೆರೆದು ನೋಡುವುದು. ಅದಕ್ಕೇ ಇಂಟರ್ನೆಟ್ಟೂ ಇಲ್ಲದ, ದಾಖಲೆಯೂ ಉಳಿಯದ ಪೆಟ್ಟಿಗೆ.

ಒಳಗೆ ಡಿಎಫ್‌ಪ್ಲೇಯರ್ ಮಿನಿ (ಮೆಮೊರಿ ಕಾರ್ಡಿನ ಹಾಡು ನುಡಿಸುವ ಪುಟ್ಟ ಫಲಕ), 3 ವ್ಯಾಟ್ ಸ್ಪೀಕರ್, ಅಂಗೈಯಿಂದಲೂ ಒತ್ತಬಹುದಾದ 60 ಮಿ.ಮೀ. ಗುಂಡಿ ಮೂರು. ಗುಂಡಿಗಳನ್ನು ನೇರವಾಗಿ ಪ್ಲೇಯರಿನ ಪಿನ್ನುಗಳಿಗೆ ಜೋಡಿಸಿದ್ದು ದೊಡ್ಡ ತಪ್ಪು. ಅಲ್ಲಿ ಒಂದು ಪಿನ್ನಿನ ಗುಂಡಿ ಒತ್ತಿ ಹಿಡಿದರೆ ದನಿ ಇಳಿಯುತ್ತದೆ, ಇನ್ನೊಂದರದು ಹಿಡಿದರೆ ಏರುತ್ತದೆ, ನಮ್ಮವರು ಒತ್ತಿಯೇ ಹಿಡಿಯುತ್ತಾರೆ. ಸ್ಪೀಕರ್ ಕಿರುಚಿತು, ಒಬ್ಬರು ವಾರಗಟ್ಟಲೆ ಅದರ ಹತ್ತಿರ ಬರಲಿಲ್ಲ. ಆಮೇಲೆ ನಡುವೆ ಆರ್ಡುಯಿನೊ ನ್ಯಾನೊ (ಪ್ರೋಗ್ರಾಂ ಬರೆದು ನಡೆಸುವ ಪುಟ್ಟ ಫಲಕ) ಇಟ್ಟು, 30ರಲ್ಲಿ 14ಕ್ಕೆ ದನಿ ಕಟ್ಟಿಹಾಕಿ, ಎಷ್ಟು ಹೊತ್ತು ಒತ್ತಿದರೂ ಒಂದೇ ಒತ್ತೆಂದು ಎಣಿಸುವಂತೆ ಬರೆದೆ. ಆರ್‌ಎಕ್ಸ್ ತಂತಿಗೆ (ಪ್ಲೇಯರಿಗೆ ಆಜ್ಞೆ ಹೋಗುವ ತಂತಿ) 1 ಕಿಲೋಓಮ್ ರೆಸಿಸ್ಟರ್ ಹಾಕದಿದ್ದರೆ ಗುಂಯ್ ಸದ್ದು ನಿಲ್ಲುವುದಿಲ್ಲ. ಹಾಡುಗಳನ್ನು ಕಾರ್ಡಿನ ಎಂಪಿ3 ಫೋಲ್ಡರಿನಲ್ಲಿ 0001, 0002 ಎಂದೇ ಇಡಿ. ಇಲ್ಲದಿದ್ದರೆ ಕಾಪಿ ಮಾಡಿದ ಕ್ರಮದಲ್ಲಿ ನುಡಿದು ಗುಂಡಿಗೂ ಹಾಡಿಗೂ ತಾಳೆ ತಪ್ಪುತ್ತದೆ.

ಪವರ್ ಬ್ಯಾಂಕ್ ಬೇಡ. ಸುಮ್ಮನಿದ್ದಾಗ ಕರೆಂಟ್ ಸಾಲದೆ ತಾನೇ ಆಫ್ ಆಗುತ್ತದೆ, ಬೇಕಾದ ಗಳಿಗೆಯಲ್ಲಿ ಪೆಟ್ಟಿಗೆ ಸತ್ತಿರುತ್ತದೆ. ರೀಚಾರ್ಜ್ ಆಗುವ 4 ಎಎ ಸೆಲ್ ಹಾಕಿ. ಹೊಸದಾಗಿ ಚಾರ್ಜಾದಾಗ 5 ವೋಲ್ಟ್ ದಾಟುವುದರಿಂದ ಅದನ್ನು ಸ್ವಲ್ಪ ಇಳಿಸಲು ಸಾಲಿನಲ್ಲಿ ಒಂದು 1ಎನ್4007 ಡಯೋಡ್. ಬೆಂಗಳೂರಿನ ಎಸ್‌ಪಿ ರಸ್ತೆಯ ಎಲೆಕ್ಟ್ರಾನಿಕ್ಸ್ ಅಂಗಡಿಗಳ ಬೆಲೆಯಲ್ಲಿ ಎಲ್ಲ ಸೇರಿ ಆಗ 1,400 ರೂಪಾಯಿ ಆಸುಪಾಸು ಆಗಿತ್ತು.

ನೀಲಿ ಗುಂಡಿ ಉಸಿರಿಗೆ, ಹಳದಿ ಹಾಡಿಗೆ, ಬಿಳಿಯದು ನಿಲ್ಲಿಸಲು. ಉಸಿರಿನ ಮೊದಲ ಧ್ವನಿಮುದ್ರಣದಲ್ಲಿ "ಕಣ್ಣು ಮುಚ್ಚು, ಉಸಿರೆಳಿ" ಎಂದಿತ್ತು. ಆಜ್ಞೆ, ಅದರ ಮೇಲೆ ಕಣ್ಣು ಮುಚ್ಚುವ ಮಾತು: ಇಬ್ಬರು ನಡುಗಿಬಿಟ್ಟರು. ಪಿಸುಮಾತೂ ಆಗದು. ಈಗ ಮಾತೇ ಇಲ್ಲ, 3 ಸೆಕೆಂಡು ಏರುವ, 5 ಸೆಕೆಂಡು ಇಳಿಯುವ ಗುನುಗು ಅಷ್ಟೇ, ಅವರೇ ಆರಿಸಿದವರ ದನಿಯಲ್ಲಿ. ಗುನುಗಿಗೆ ಮುಂಚಿನ ಎರಡು ಸೆಕೆಂಡಿನಲ್ಲಿ ಒಂದು ಸದ್ದಿದೆ. ಅರ್ಧ ಕೆಲಸ ಅದರದೇ. ಅದೇನೆಂದು ಇಲ್ಲಿ ಬರೆಯುವುದಿಲ್ಲ.

ಕಲಿಸುವಾಗ ಮೊದಲು ಬಿಳಿ ಗುಂಡಿ. ನಾನು ಹಾಡು ಹಚ್ಚುತ್ತೇನೆ, ಅವರು ನಿಲ್ಲಿಸುತ್ತಾರೆ, ನಾನು ತಕ್ಷಣ ಸುಮ್ಮನಾಗುತ್ತೇನೆ. ಬೇಡ ಎಂದರೆ ನಿಲ್ಲುತ್ತದೆ ಎಂಬುದು ಮೊದಲು ಮೈಗೂಡಬೇಕು. ನಾನು ಒತ್ತಿ ತೋರಿಸುವುದು, ಬೆರಳು ತೋರುವುದು, 10 ಸೆಕೆಂಡು ಕಾಯುವುದು, ಅದಕ್ಕಿಂತ ಹೆಚ್ಚಿಲ್ಲ. ದಿನಕ್ಕೆ ಎರಡು ಸಲ 5 ನಿಮಿಷ, ಮನಸ್ಸು ತಿಳಿಯಾಗಿದ್ದಾಗ ಮಾತ್ರ. ಬೇಗ ಕಲಿತವರಿಗೆ ಮೂರು ವಾರ, ತಡವಾದವರಿಗೆ ಮೂರು ತಿಂಗಳು.

ಜೊತೆಗೆ ತೊಡೆಯ ಮೇಲಿಡಲು 2 ಕಿಲೋ ರಾಗಿ ಚೀಲ ಹೊಲಿದೆ. ಮಳೆಗಾಲದಲ್ಲಿ ಹುಳ ಬಿತ್ತು, ತೊಳೆದ ಸಣ್ಣ ಜಲ್ಲಿಗೆ ಬದಲಾಯಿಸಿದೆ. ಮೈ ಪೂರ್ತಿ ಹೊದೆಯುವ ಭಾರದ ಕಂಬಳಿ ಇವರಿಗೆ ಬೇಡ, ಯಾರೋ ಅದುಮಿ ಹಿಡಿದಂತೆ ಆಗಬಹುದು. ಚೀಲವನ್ನು ಅವರೇ ಒಂದು ಕೈಯಲ್ಲಿ ತಳ್ಳಿಹಾಕುವಂತಿರಬೇಕು.

ಪೆಟ್ಟಿಗೆಗೆ ಧ್ವನಿ ದಾಖಲಿಸುವ ಗುಂಡಿ ಕೇಳಿದವರಿದ್ದಾರೆ. ಕೊಟ್ಟಿಲ್ಲ. ಯಾರಾದರೂ ದೌರ್ಜನ್ಯದ ಬಗ್ಗೆ ಬಾಯಿಬಿಟ್ಟರೆ ಅವರಾಡಿದ ಮಾತನ್ನು ಹಾಗೆಯೇ ಕಾಗದಕ್ಕಿಳಿಸಬೇಕು, ಕೆದಕಬಾರದು. 18 ತುಂಬದವರಾದರೆ, ಮಕ್ಕಳನ್ನು ಲೈಂಗಿಕ ಅಪರಾಧಗಳಿಂದ ಕಾಪಾಡುವ ಪೋಕ್ಸೊ ಕಾಯ್ದೆಯ 19ನೇ ಕಲಮಿನಂತೆ ಪೊಲೀಸರಿಗೆ ತಿಳಿಸಲೇಬೇಕು.

ಎರಡು ಕಡೆ ಸಿಬ್ಬಂದಿ "ಹೋಗಿ ಗುಂಡಿ ಒತ್ತು" ಎನ್ನತೊಡಗಿದರು, ಬಳಕೆ ನಿಂತೇಹೋಯಿತು. ಅಲ್ಲಿ ಪೆಟ್ಟಿಗೆಯನ್ನು ಹದಿನೈದು ದಿನ ಎತ್ತಿಟ್ಟು, ಬಿಳಿ ಗುಂಡಿಯಿಂದಲೇ ಮತ್ತೆ ಶುರುಮಾಡಬೇಕಾಯಿತು.